ಹಂಚಿಕೊಂಡು ನಡೆಸುವ ಅಚ್ಚುಕೂಟ: ಹಾಸನದಂಥ ಊರಿನಲ್ಲಿ ಕಟ್ಟುವ ಬಗೆ

ಬಣ್ಣದ ಚಿತ್ರ ಬರೆಯುವವರಿಗೆ ಮನೆಯ ಒಂದು ಮೂಲೆ ಸಾಕು. ಹಲಗೆ ಅಥವಾ ತಗಡಿನಲ್ಲಿ ಕೆತ್ತಿ, ಇಂಕು ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ಮುದ್ರಣಚಿತ್ರಕ್ಕೆ ಸಾಲದು. ಕೆತ್ತಿದ ಹಲಗೆಗೆ ಇಂಕು ಹಚ್ಚಿದ ಕೈಯಲ್ಲೇ ಬಿಳಿ ಕಾಗದ ಮುಟ್ಟಿದರೆ ಅಂಚಿನಲ್ಲಿ ಬೆರಳಿನ ಗುರುತು ಬೀಳುತ್ತದೆ. ಪ್ರತಿ ಸಲವೂ ಕೈ ತೊಳೆದು ಒರೆಸಿಕೊಳ್ಳುತ್ತಿದ್ದರೆ ಅರ್ಧ ದಿನ ನಲ್ಲಿಯ ಕೆಳಗೇ ಕಳೆಯುತ್ತದೆ, ಅಷ್ಟರಲ್ಲಿ ಇಂಕು ಬಿಗಿಯಾಗಿರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮಸಿ ಕೈ ಒಬ್ಬರದು, ಬಿಳಿ ಕೈ ಇನ್ನೊಬ್ಬರದು. ಪ್ರೆಸ್ಸಿನದೂ ಇದೇ ಕಥೆ: ದುಬಾರಿ, ಭಾರ, ಜಾಗ ತಿನ್ನುತ್ತದೆ, ಆದರೆ ಒಬ್ಬ ಕಲಾವಿದರಿಗೆ ತಿಂಗಳಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಹತ್ತು ಜನ ಸೇರಿ ಒಂದು ಕೋಣೆ ನಡೆಸುವುದೇ ಇಲ್ಲಿ ಸಹಜವಾದ ದಾರಿ. ಹಾಗೆ ನಡೆಸಿದಾಗ ಊರಿನಲ್ಲಿ ಕಲಾವಿದರ ಬಳಗವೊಂದು ತಾನಾಗಿ ಬೆಳೆಯುತ್ತದೆ, ಏಕೆಂದರೆ ಒಬ್ಬರ ಚಿತ್ರ ಕಾಗದಕ್ಕೆ ಇಳಿಯಲು ಇನ್ನೊಬ್ಬರ ಕೈ ಬೇಕೇ ಬೇಕು.

ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಬ್ರಿಟಿಷ್ ಕಲಾವಿದ ಸ್ಟ್ಯಾನ್ಲಿ ವಿಲಿಯಂ ಹೇಟರ್ 1927ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಕಾರ್ಯಾಗಾರ ಮುಂದೆ ಅತೆಲಿಯೆ 17 ಎಂದು ಹೆಸರಾಯಿತು. ಆಂಧ್ರದ ಚಿತ್ತೂರು ಜಿಲ್ಲೆಯ ಕೃಷ್ಣಾರೆಡ್ಡಿ ಮತ್ತು ಇನ್ನೊಬ್ಬ ಭಾರತೀಯ ಕಲಾವಿದ ಕೈಕೊ ಮೋತಿ ಅಲ್ಲಿ ಹೇಟರ್ ಜೊತೆ ದುಡಿಯುತ್ತಿದ್ದಾಗ ವಿಸ್ಕಾಸಿಟಿ ವಿಧಾನ ರೂಪುಗೊಂಡಿತು: ಒಂದೇ ತಗಡಿನ ಬೇರೆ ಬೇರೆ ಆಳಗಳಿಗೆ ಗಟ್ಟಿ ಮತ್ತು ಮೆದು ರೋಲರಿನಿಂದ ಬೇರೆ ಬೇರೆ ಜಿಗುಟಿನ ಇಂಕು ಹಚ್ಚಿ, ಎಲ್ಲ ಬಣ್ಣಗಳನ್ನೂ ಒಂದೇ ಸಲಕ್ಕೆ ಅಚ್ಚು ತೆಗೆಯುವುದು. ಇಂಥದ್ದು ಒಂಟಿ ಕೋಣೆಯಲ್ಲಿ ಹುಟ್ಟುವುದು ಕಷ್ಟ. ಪಕ್ಕದವರ ಡಬ್ಬಿಯಲ್ಲಿ ಎಣ್ಣೆ ಹೆಚ್ಚಾದಾಗ ಏನಾಯಿತೆಂದು ಕಣ್ಣಾರೆ ಕಂಡವರಿಗೆ ಮಾತ್ರ ಹೊಳೆಯುತ್ತದೆ. ನಮ್ಮ ದೇಶದಲ್ಲೂ ದೆಹಲಿಯ ಗಢಿ ಸ್ಟುಡಿಯೊಗಳು, 1999ರಲ್ಲಿ ವಡೋದರದಲ್ಲಿ ಶುರುವಾದ ಛಾಪ್ ಇದೇ ದಾರಿಯಲ್ಲಿ ನಡೆದವು. ಹಾಸನಕ್ಕೆ ಅಷ್ಟು ದೊಡ್ಡದು ಬೇಕಿಲ್ಲ.

ಯಾರು ಸೇರಬೇಕು, ಕೋಣೆ ಎಂಥದ್ದಿರಬೇಕು

ಏಳರಿಂದ ಹತ್ತು ಜನರಿಂದ ಆರಂಭಿಸಿ. ಮುಂದೆ ಸಂಘವಾಗಿ ನೋಂದಾಯಿಸಬೇಕಾದರೂ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ಎಲ್ಲರೂ ಚಿತ್ರಕಲಾ ಶಾಲೆಯಲ್ಲಿ ಓದಿದವರೇ ಆಗಿರಬೇಕೆಂದು ಹಟ ಹಿಡಿಯಬೇಡಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದ ಬೋರ್ಡ್ ಬರೆಯುವವರು, ಮರಗೆತ್ತನೆಯವರು, ಲಗ್ನಪತ್ರಿಕೆ ಅಚ್ಚು ಹಾಕುವ ಆಫ್‌ಸೆಟ್ ಪ್ರೆಸ್ಸಿನವರು ಇವರಲ್ಲಿ ಒಬ್ಬೊಬ್ಬರಾದರೂ ಬಳಗದಲ್ಲಿರಲಿ. ಉಳಿಗೆ ಸಾಣೆ ಹಿಡಿಯುವುದನ್ನು ಮರಗೆಲಸದವರಷ್ಟು ಚೆನ್ನಾಗಿ ಯಾವ ಕಲಾ ಪದವೀಧರರೂ ಹೇಳಿಕೊಡಲಾರರು. ಇಂಕಿನ ಬಿಗಿ ಎಷ್ಟಿದೆ ಎಂಬುದು ಆಫ್‌ಸೆಟ್ ಮಷೀನಿನ ಮುಂದೆ ನಿಂತವರಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ.

ಕೋಣೆ 20 ಅಡಿ ಉದ್ದ, 15 ಅಡಿ ಅಗಲವಿದ್ದರೆ ಮೂರು ನಾಲ್ಕು ಜನ ಒಟ್ಟಿಗೆ ಕೆಲಸ ಮಾಡಬಹುದು. ನೆಲಮಹಡಿಯೇ ಆಗಿರಲಿ, ನೆಲ ಕಾಂಕ್ರೀಟಿನದಿರಲಿ: ಪ್ರೆಸ್ಸಿನ ತೂಕ ಕೆಲವು ನೂರು ಕಿಲೊ, ಅದೂ ನಾಲ್ಕು ಕಾಲುಗಳ ಮೇಲೆ. ಹಳೆಯ ಹೆಂಚಿನ ಮನೆಗಳು ನೋಡಲು ಚೆಂದ, ಬಾಡಿಗೆಯೂ ಕಡಿಮೆ, ಆದರೆ ಮಳೆಗಾಲದಲ್ಲಿ ಒಂದು ಹೆಂಚು ಜಾರಿದರೆ ತಿಂಗಳ ಕಾಗದವೆಲ್ಲ ಹೋಯಿತು. ಕಾಫಿ ಗೋದಾಮಿನಂಥ ಎತ್ತರದ ಸೂರು, ಗಾಳಿಯಾಡುವ ಕಿಂಡಿ ಇರುವ ಕಟ್ಟಡ ಸಿಕ್ಕರೆ ಬಿಡಬೇಡಿ. ಬೇಲೂರು, ಸಕಲೇಶಪುರ ಎರಡೂ ಸುಮಾರು 40 ಕಿ.ಮೀ. ದೂರ, ಅಲ್ಲಿಂದ ಬರುವ ಸದಸ್ಯರಿದ್ದರೆ ಬಸ್ ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರವಿರಲಿ, ಕೆಲಸದ ವೇಳೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದರವರೆಗೆ ಇರಲಿ. ದೂರದವರು ಬಿಟ್ಟುಹೋಗುವುದು ಆಸಕ್ತಿ ಕುಂದಿ ಅಲ್ಲ, ಕೊನೆಯ ಬಸ್ಸು ತಪ್ಪಿ.

ಕೋಣೆಯನ್ನು ಮೊದಲ ದಿನವೇ ಎರಡು ಭಾಗ ಮಾಡಿ. ಒಂದು ಕಡೆ ಇಂಕು, ರೋಲರ್, ನಲ್ಲಿ, ಚಿಂದಿ ಬಟ್ಟೆ. ಇನ್ನೊಂದು ಕಡೆ ಕಾಗದ, ಅಳತೆಪಟ್ಟಿ, ಒಣಗಿಸುವ ತಂತಿ. ನಡುವೆ ಪ್ರೆಸ್. ನೆಲದ ಮೇಲೆ ಬಣ್ಣದ ಗೆರೆ ಎಳೆದುಬಿಡಿ. ಮಸಿ ಕೈಯವರು ಆ ಗೆರೆ ದಾಟುವಂತಿಲ್ಲ.

ಮೊದಲ ಮೂರು ತಿಂಗಳು ಪ್ರೆಸ್ ಬೇಡ

ಮೊದಲು ಹಣ ಕೂಡಿಸಿ ಪ್ರೆಸ್ ತಂದು, ಆಮೇಲೆ ಜನರನ್ನು ಹುಡುಕುವ ಕೂಟಗಳಲ್ಲಿ ಪ್ರೆಸ್ ತುಕ್ಕು ಹಿಡಿಯುತ್ತದೆ. ಮರದಚ್ಚು ಮತ್ತು ಲಿನೊದಿಂದ (ಸುಲಭವಾಗಿ ಕೆತ್ತಬಹುದಾದ ಮೆದು ಲಿನೋಲಿಯಂ ಹಾಳೆ) ಶುರುಮಾಡಿ. ಇವೆರಡರಲ್ಲೂ ಕಾಗದದ ಹಿಂಬದಿ ಉಜ್ಜಿ ಅಚ್ಚು ತೆಗೆಯಲು ಮರದ ಸೌಟಿನ ಬೆನ್ನು ಸಾಕು.

ಲಿನೊ ಹಾಳೆ ಬೆಂಗಳೂರಿನಿಂದ ತರಿಸಬೇಕು. ಊರಿನ ಪ್ಲೈವುಡ್ ಅಂಗಡಿಯಲ್ಲೇ ಸಿಗುವ 6 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕಲಿಯುವವರಿಗೆ ಸಾಕು. 8 ಅಡಿ ಉದ್ದ, 4 ಅಡಿ ಅಗಲದ ಒಂದು ಹಾಳೆಯಿಂದ 12×16 ಇಂಚಿನ ಹಲಗೆಗಳು 24 ಬರುತ್ತವೆ. ಗರಗಸ ತಿನ್ನುವ ಅಂಚು ಬಿಟ್ಟರೆ ಅಳತೆ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಅಷ್ಟೆ. ಎಂಡಿಎಫ್ ಇಂಕನ್ನು ಹೀರುತ್ತದೆ. ಕೆತ್ತುವ ಮೊದಲು ಫ್ರೆಂಚ್ ಪಾಲಿಶ್ ಎರಡು ಕೈ ಬಳಿದು, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಅದರ ಧೂಳು ಬಹಳ ನಯ, ಶ್ವಾಸಕ್ಕೆ ಒಳ್ಳೆಯದಲ್ಲ. ಹೊರಗೆ ಜಗಲಿಯಲ್ಲಿ, ಮಾಸ್ಕ್ ಹಾಕಿಕೊಂಡೇ ಉಜ್ಜಬೇಕು. ಮರದ ಎಳೆ ಅಚ್ಚಿನಲ್ಲಿ ಕಾಣಬೇಕೆನ್ನುವವರಿಗೆ ಕಾಫಿ ತೋಟಗಳ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಒಳ್ಳೆಯದು. ಅದರ ಅಗಲವಾದ ಚುಕ್ಕೆಗಳಂಥ ಎಳೆ ಆಕಾಶಕ್ಕೂ ನೀರಿಗೂ ಚೆನ್ನಾಗಿ ಹೊಂದುತ್ತದೆ. ಹಸಿ ಹಲಗೆ ತರಬೇಡಿ; ಒಣಗುತ್ತ ಬಿಲ್ಲಿನಂತೆ ಬಾಗಿದರೆ ನಡುವಿನ ಭಾಗಕ್ಕೆ ಇಂಕು ಹತ್ತುವುದಿಲ್ಲ.

ಉಳಿಗಳನ್ನು ಹಂಚಿಕೊಳ್ಳಬೇಡಿ. ಎಲ್ಲರ ಉಳಿ ಎಂದರೆ ಯಾರೂ ಸಾಣೆ ಹಿಡಿಯದ ಉಳಿ. ಮೊಂಡಾದ ಉಳಿ ಜಾರಿ ಎಡಗೈಗೆ ಬೀಳುತ್ತದೆ. ಪ್ರತಿಯೊಬ್ಬರಿಗೂ ಒಂದು ವಿ ಆಕಾರದ ಉಳಿ, ಎರಡು ಯು ಆಕಾರದವು (3 ಮತ್ತು 8 ಮಿ.ಮೀ.) ಇದ್ದರೆ ಸಾಕು. ಹಂಚಿಕೊಳ್ಳಬೇಕಾದದ್ದು ಸಾಣೆಕಲ್ಲು, ಚರ್ಮದ ಪಟ್ಟಿ, ಮತ್ತು ಪ್ರತಿ ಮೇಜಿಗೂ ಹಲಗೆ ಹಿಂದೆ ಜಾರದಂತೆ ತಡೆಯುವ ಒಂದು ಅಡ್ಡಪಟ್ಟಿ.

ಕಾಗದದ ಅಳತೆಯನ್ನು ಇಡೀ ಕೂಟಕ್ಕೆ ಒಂದೇ ಮಾಡಿ. 22×30 ಇಂಚಿನ ಹಾಳೆಯನ್ನು ನಾಲ್ಕು ಭಾಗ ಮಾಡಿದರೆ 11×15 ಸಿಗುತ್ತದೆ. ಅದರ ಮೇಲೆ 8×10 ಇಂಚಿನ ಹಲಗೆ ಇಟ್ಟರೆ ಎರಡು ಪಕ್ಕ ಒಂದೂವರೆ ಇಂಚು, ಮೇಲೆ ಕೆಳಗೆ ಎರಡೂವರೆ ಇಂಚು ಅಂಚು ಉಳಿಯುತ್ತದೆ. ಅಳತೆ ಒಂದೇ ಆದರೆ ಕಾಗದ ಒಟ್ಟಿಗೆ ತರಿಸಬಹುದು, ಕಾಗದ ಕೂರಿಸುವ ಕಟ್ಟು ಒಂದೇ ಸಾಕು, ಚೌಕಟ್ಟುಗಳೂ ಅದಲುಬದಲಿಗೆ ಬರುತ್ತವೆ. ಆ ಕಟ್ಟು ಮಾಡುವುದು ಸುಲಭ: ಒಂದು ಪ್ಲೈವುಡ್ ಹಲಗೆ, ಅದರ ಒಂದು ಮೂಲೆಯಲ್ಲಿ ಕಾಗದ ತಾಗಿ ನಿಲ್ಲಲು ರಟ್ಟಿನ ಎಲ್ ಆಕಾರ, ಒಳಗೆ ಅಚ್ಚಿನ ಹಲಗೆ ಕೂರಲು ಇನ್ನೊಂದು ಎಲ್. ಎರಡೂ ಅಲುಗದಂತೆ ಫೆವಿಕಾಲ್‌ನಿಂದ ಅಂಟಿಸಿ. ಕೈಯಿಂದ ಉಜ್ಜುವ ಕೆಲಸಕ್ಕೆ ತೆಳುವಾದ, ಉದ್ದ ನಾರಿನ ನೇಪಾಳಿ ಕಾಗದ ಒಳ್ಳೆಯದು. ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂನ ದಪ್ಪ ಹತ್ತಿಕಾಗದವನ್ನು ಪ್ರೆಸ್ ಬರುವ ತನಕ ಮುಟ್ಟುವುದೇ ಬೇಡ.

ಇಂಕು

ಆಫ್‌ಸೆಟ್ ಪ್ರೆಸ್ಸಿನವರು ಬಳಸುವ ಎಣ್ಣೆ ಇಂಕು ಒಂದು ಕಿಲೊ ಡಬ್ಬಿಯಲ್ಲಿ ಸಿಗುತ್ತದೆ, ಮರದಚ್ಚಿಗೆ ಬರುತ್ತದೆ. ಸ್ವಲ್ಪ ಮೆದುವಾಗಿರುವುದರಿಂದ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಸೇರಿಸಿ ಬಿಗಿ ಮಾಡಬೇಕು. ಗಾಜಿನ ಮೇಲೆ ಕತ್ತಿಯಿಂದ ಎತ್ತಿದಾಗ ಇಂಕು ದಾರದಂತೆ ಇಳಿಯದೆ ತುಂಡಾಗಿ ಬೀಳಬೇಕು. ನೀರಿನ ಇಂಕು ತೊಳೆಯಲು ಸುಲಭವಾದರೂ ಮಾರ್ಚ್-ಏಪ್ರಿಲ್‌ನ ಬಿಸಿಲಿಗೆ ಗಾಜಿನ ಮೇಲೇ ಒಣಗಿಬಿಡುತ್ತದೆ. ಮಕ್ಕಳ ಶಿಬಿರಕ್ಕೆ ಮಾತ್ರ ಅದನ್ನಿಡಿ.

8×10 ಇಂಚಿನ ಹಲಗೆಯಿಂದ 15 ಪ್ರತಿ ತೆಗೆಯಲು 40ರಿಂದ 50 ಗ್ರಾಂ ಇಂಕು ಸಾಕು. ಒಮ್ಮೆಗೇ ಎಲ್ಲ ಸುರಿಯದೆ, ಚಮಚದಷ್ಟು ಗಾಜಿನ ಮೇಲಿಟ್ಟು ರೋಲರ್ ಆಡಿಸಿ. ಸರಿಯಾದ ಹದಕ್ಕೆ ಬಂದಾಗ ರೋಲರ್ ಎತ್ತುವಾಗ ಸಣ್ಣಗೆ ಸುಯ್ ಎನ್ನುತ್ತದೆ, ಮೇಲ್ಮೈ ಮಖಮಲ್ಲಿನಂತೆ ಕಾಣುತ್ತದೆ. ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗಿದ್ದರೆ ಇಂಕು ಹೆಚ್ಚಾಗಿದೆ.

ಹೊಸಬರ ಅಚ್ಚು ನೋಡಿದ ಕೂಡಲೇ ಕಾರಣ ಹೇಳಲು ಬರಬೇಕು. ಕಪ್ಪು ಭಾಗದಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದರೆ ಇಂಕು ಕಡಿಮೆ, ಅಥವಾ ಉಜ್ಜಿದ್ದು ಸಾಲದು. ಸಣ್ಣ ಗೆರೆಗಳು ಮುಚ್ಚಿಹೋಗಿದ್ದರೆ ಇಂಕು ಹೆಚ್ಚು ಅಥವಾ ಮೆದು. ಹಲಗೆಯನ್ನು ಹಾಳೆಯೊಂದರ ಮೇಲೆ ಇಂಕಿಲ್ಲದೆ ಎರಡು ಸಲ ಒತ್ತಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗೆರೆಗಳನ್ನು ಬಿಡಿಸಿ. ಗೆರೆ ಎರಡೆರಡಾಗಿ ಕಂಡರೆ ಉಜ್ಜುವಾಗ ಕಾಗದ ಜಾರಿದೆ. ಒಂದು ಮೂಲೆ ಮಾತ್ರ ಮಂಕಾಗಿದ್ದರೆ ಹಲಗೆ ಬಾಗಿದೆ. ಅದರ ಕೆಳಗೆ ಪತ್ರಿಕೆಯ ಒಂದೆರಡು ಪದರ ಕತ್ತರಿಸಿ ಇಡಿ. ಇದನ್ನು ಬರೆದು ಗೋಡೆಗೆ ಅಂಟಿಸುವುದಕ್ಕಿಂತ, ಹಾಳಾದ ಅಚ್ಚುಗಳನ್ನೇ ಕಾರಣ ಬರೆದು ಒಂದು ಸಾಲಾಗಿ ತೂಗುಹಾಕಿ. ಹೊಸಬರು ಗೆದ್ದ ಚಿತ್ರಗಳಿಗಿಂತ ಹೆಚ್ಚು ಹೊತ್ತು ಆ ಸಾಲಿನ ಮುಂದೆಯೇ ನಿಲ್ಲುತ್ತಾರೆ.

ಪ್ರೆಸ್ ಮಾಡಿಸುವುದು

ಹೊಸ ಎಚ್ಚಿಂಗ್ ಪ್ರೆಸ್ (ಹಲಗೆ, ಕಾಗದ ಇಟ್ಟ ಹಾಸನ್ನು ಭಾರದ ರೋಲರಿನ ಕೆಳಗೆ ಹಾಯಿಸುವ ಯಂತ್ರ) ಕೊಳ್ಳುವ ಶಕ್ತಿ ಇಲ್ಲದಿದ್ದರೆ ಊರಿನ ಒಳ್ಳೆಯ ಲೇತ್ ವರ್ಕ್‌ಶಾಪ್‌ನಲ್ಲಿ ಮಾಡಿಸಬಹುದು. ಹಾಸಿನ ಅಗಲ 24 ಇಂಚು, ಉದ್ದ 42 ಇಂಚು, ದಪ್ಪ 12 ಮಿ.ಮೀ. ಉಕ್ಕಿನ ತಗಡು. ಮೇಲಿನ ರೋಲರಿನ ವ್ಯಾಸ 150 ಮಿ.ಮೀ., ಕೊಳವೆಯ ಗೋಡೆ 12 ಮಿ.ಮೀ.ಗಿಂತ ಕಡಿಮೆ ಇರಬಾರದು. ತೆಳು ಕೊಳವೆ ಒತ್ತಡಕ್ಕೆ ಬಳುಕಿ ಚಿತ್ರದ ನಡುಭಾಗ ಮಂಕಾಗುತ್ತದೆ. ವರ್ಕ್‌ಶಾಪ್‌ನವರಿಗೆ ಒಂದು ಮಾತನ್ನು ಮೂರು ಸಲ ಹೇಳಿ: ಎರಡು ತುದಿಯ ಶಾಫ್ಟ್ ಬೆಸುಗೆ ಹಾಕಿದ ಮೇಲೆಯೇ ರೋಲರನ್ನು ಲೇತಿಗೆ ಹಾಕಿ ಕಡೆಯಬೇಕು. ಮೊದಲು ಕಡೆದು ಆಮೇಲೆ ಬೆಸೆದರೆ ಶಾಫ್ಟ್ ನಡುವಿನಿಂದ ತಪ್ಪಿರುತ್ತದೆ, ಅಚ್ಚಿನಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ, ಆಗ ಸರಿಪಡಿಸುವ ದಾರಿಯಿಲ್ಲ. ಹಿಡಿಕೆಗೂ ರೋಲರಿಗೂ ನಡುವೆ ನಾಲ್ಕಕ್ಕೆ ಒಂದಾದರೂ ಗೇರ್ ಇರಲಿ. ಇಲ್ಲದಿದ್ದರೆ ಬಲವಿದ್ದವರು ಮಾತ್ರ ತಿರುಗಿಸುವ ಪ್ರೆಸ್ ಆಗುತ್ತದೆ, ಕೂಟದ ಅರ್ಧ ಜನ ಪಕ್ಕಕ್ಕೆ ನಿಲ್ಲಬೇಕಾಗುತ್ತದೆ.

ಕಾಗದಕ್ಕೂ ರೋಲರಿಗೂ ನಡುವೆ ಹಾಸುವ ಉಣ್ಣೆಬಟ್ಟೆಯೇ ಫೆಲ್ಟ್. ಅದು ಮೂರು ಪದರ: ಕಾಗದಕ್ಕೆ ತಾಗುವುದು ತೆಳು, ನಡುವಿನದು ದಪ್ಪ ಮತ್ತು ಮೆತ್ತಗೆ, ರೋಲರಿಗೆ ತಾಗುವುದು ಬಿಗಿ ನೇಯ್ಗೆಯದು. ಒದ್ದೆ ಕಾಗದದ ಅಂಟು ಹತ್ತಿ ಕೆಳಗಿನ ಫೆಲ್ಟ್ ರಟ್ಟಿನಂತಾಗುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ನೆನೆಸಿ, ಹಿಂಡದೆ, ನೆರಳಿನಲ್ಲಿ ಚಪ್ಪಟೆಯಾಗಿ ಒಣಗಿಸಿ. ಸಂಜೆ ಹೊರಡುವ ಮೊದಲು ಎರಡೂ ಸ್ಕ್ರೂ ಸಡಿಲಿಸಿ ಫೆಲ್ಟ್ ಹೊರತೆಗೆಯಲೇಬೇಕು. ರಾತ್ರಿಯಿಡೀ ರೋಲರಿನ ಕೆಳಗೆ ಸಿಕ್ಕಿಬಿದ್ದ ಫೆಲ್ಟಿನಲ್ಲಿ ಉಳಿದ ಗೆರೆ ಮುಂದಿನ ಎಲ್ಲರ ಚಿತ್ರದಲ್ಲೂ ಕಾಣಿಸುತ್ತದೆ.

ಹಂಚಿಕೊಂಡ ಪ್ರೆಸ್ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಹಿಂದಿನವರು ತೆಳು ತಗಡಿಗೆ ಬಿಗಿಮಾಡಿದ ಒತ್ತಡವನ್ನು ನೋಡದೆ ಮುಂದಿನವರು 3.2 ಮಿ.ಮೀ. ಲಿನೊ ತೂರಿಸುತ್ತಾರೆ. ಲಿನೊ ಹಿಗ್ಗುತ್ತದೆ, ಹಾಸು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪ್ರೆಸ್ಸಿಗೆ ಒಂದು ಕಾರ್ಡ್ ಕಟ್ಟಿ, ಅದರಲ್ಲಿ ಹಲಗೆಯ ದಪ್ಪ, ಫೆಲ್ಟ್ ಎಷ್ಟು ಪದರ, ಎಡ ಮತ್ತು ಬಲ ಸ್ಕ್ರೂ ಎಷ್ಟು ಸುತ್ತು ಎಂದು ಬರೆಯುತ್ತ ಹೋಗಿ. ಎರಡು ಕಡೆಯ ಒತ್ತಡ ಸಮವಿದೆಯೇ ಎಂದು ನೋಡಲು ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ರೋಲರಿನ ಎರಡು ತುದಿಗೆ ಇಟ್ಟು ಎಳೆದು ನೋಡಿ. ಒಂದು ಜಾರಿ ಇನ್ನೊಂದು ಹಿಡಿದರೆ ಜಾರಿದ ಕಡೆ ಬಿಗಿ ಮಾಡಿ. ಲೋಹದ ತಗಡಿನ ಅಂಚನ್ನು ಅರದಿಂದ 45 ಡಿಗ್ರಿಗೆ ಓರೆ ಮಾಡದವರನ್ನು ಪ್ರೆಸ್ ಹತ್ತಿರ ಬಿಡಬೇಡಿ, ಎಷ್ಟೇ ಹಿರಿಯರಾದರೂ. ಚೂಪು ಅಂಚು ಕಾಗದದ ಜೊತೆ ಫೆಲ್ಟನ್ನೂ ಕತ್ತರಿಸುತ್ತದೆ.

ಮುಯ್ಯಾಳು ದಿನ

ಇಡೀ ಕೂಟದ ಜೀವ ಇರುವುದು ಇಲ್ಲಿ. ಮಲೆನಾಡಿನ ಗದ್ದೆ ನಾಟಿಗೆ ಮುಯ್ಯಾಳು ಹೇಗೋ ಇದೂ ಹಾಗೆ: ಇವತ್ತು ನಿಮ್ಮ ಅಚ್ಚಿಗೆ ನಾವು, ನಾಳೆ ನಮ್ಮದಕ್ಕೆ ನೀವು. ದುಡ್ಡಿನ ಲೆಕ್ಕವಿಲ್ಲ, ದಿನದ ಲೆಕ್ಕವಿದೆ.

ಮೂರು ಜನರ ಗುಂಪು ಮಾಡಿ. ಒಬ್ಬರು ಇಂಕು ಹಚ್ಚಬೇಕು. ಇನ್ನೊಬ್ಬರು ಕಾಗದ ಇಟ್ಟು ಎತ್ತಬೇಕು. ಮೂರನೆಯವರು ಪ್ರೆಸ್ ತಿರುಗಿಸಿ, ಬಂದ ಅಚ್ಚನ್ನು ತೂಗುಹಾಕಬೇಕು. ಹಲಗೆ ಯಾರದೋ ಅವರೇ ಇಂಕು ಹಚ್ಚಲಿ, ಏಕೆಂದರೆ ಎಷ್ಟು ಕಪ್ಪು ಎಂಬ ತೀರ್ಮಾನ ಅವರದು. ಹಲಗೆ ಬದಲಾದಂತೆ ಕೆಲಸವೂ ಒಬ್ಬರಿಂದ ಒಬ್ಬರಿಗೆ ಸರಿಯುತ್ತದೆ. ಹೀಗೆ ನಡೆದರೆ ಒಂದು ಪ್ರತಿಗೆ ಮೂರರಿಂದ ನಾಲ್ಕು ನಿಮಿಷ ಸಾಕು. ಒಬ್ಬರೇ ಸೌಟಿನಲ್ಲಿ ಉಜ್ಜುವುದಾದರೆ ಹತ್ತು ನಿಮಿಷ ಹಿಡಿಯುತ್ತದೆ.

ಹತ್ತೂವರೆಗೆ ಶುರುವಾದರೆ ಮೊದಲ ಮುಕ್ಕಾಲು ಗಂಟೆ ಪರೀಕ್ಷೆಯ ಅಚ್ಚಿಗೆ, ಅಂದರೆ ಪ್ರೂಫ್‌ಗೆ ಮೀಸಲು. ರದ್ದಿ ಕಾಗದದಲ್ಲಿ ಎರಡು, ಒಳ್ಳೆಯ ಕಾಗದದಲ್ಲಿ ಒಂದು. ಮೂರನ್ನೂ ಗೋಡೆಗೆ ಹಚ್ಚಿ, ಹಲಗೆಯವರು ಸುಮ್ಮನಿರಬೇಕು, ಉಳಿದಿಬ್ಬರು ಮಾತಾಡಬೇಕು. ಕಲಾವಿದರ ಬಳಗ ಎಂದು ನಾವು ಕರೆಯುವುದು ಹುಟ್ಟುವುದು ಈ ಮುಕ್ಕಾಲು ಗಂಟೆಯಲ್ಲಿ. ಪ್ರದರ್ಶನದ ಉದ್ಘಾಟನೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ಇಲ್ಲಿ ಹೇಳುತ್ತಾರೆ, ಹೇಳಿದ್ದನ್ನು ಉಳಿ ಹಿಡಿದು ಕೂಡಲೇ ಸರಿಮಾಡಲೂಬಹುದು. ಬೇಡವೆನಿಸಿದರೆ ಬಿಡಬಹುದು. ಮಾತು ಚಿತ್ರದ ಮೇಲಿರಲಿ: ಈ ಕಪ್ಪು ಇಲ್ಲಿ ಭಾರವಾಯಿತು, ಈ ಗೆರೆ ಹಲಗೆಯ ಅಂಚಿಗೆ ಬಂದು ಸತ್ತಿತು, ಇಷ್ಟು ಸಾಕು.

ಆಮೇಲೆ 15 ಪ್ರತಿ. ಊಟದ ಹೊತ್ತು ಕಳೆದರೆ ಸಂಜೆಯೊಳಗೆ ಮೂವರ ಹಲಗೆಗಳೂ ಮುಗಿದು 45 ಅಚ್ಚು ಆಗಿರುತ್ತವೆ. 11 ಇಂಚು ಅಗಲದ ಹಾಳೆ ಒಂದಕ್ಕೊಂದು ತಾಗದಂತೆ ತೂಗಲು ಒಂದೊಂದಕ್ಕೂ ಒಂದಡಿ ಬೇಕು, ಅಂದರೆ 15 ಅಡಿಯ ಮೂರು ತಂತಿ. ಬಟ್ಟೆಯ ಕ್ಲಿಪ್ ಸಾಕು, ಕ್ಲಿಪ್ಪಿನ ಬಾಯಿಗೆ ಕಾಗದದ ಚೂರು ಮಡಿಚಿಡಿ, ಇಲ್ಲದಿದ್ದರೆ ಗುರುತು ಬೀಳುತ್ತದೆ. ತಂತಿ ಹೊಂದಿಸದೆ ಮುದ್ರಣ ಶುರುಮಾಡಿದರೆ ಹಸಿ ಅಚ್ಚುಗಳು ಮೇಜು, ಕುರ್ಚಿ, ನೆಲ ಎಲ್ಲೆಡೆ ಹರಡಿ, ಕೊನೆಗೆ ಯಾರೋ ಒಬ್ಬರ ಕಾಲಿನ ಗುರುತು ಯಾರದೋ ಚಿತ್ರದ ಮೇಲೆ.

ಕೊನೆಯ ಮುಕ್ಕಾಲು ಗಂಟೆ ಶುಚಿಗೆ. ಸೀಮೆಎಣ್ಣೆ ಬೇಡ. ಅಗ್ಗದ ಅಡುಗೆ ಎಣ್ಣೆ ಸ್ವಲ್ಪ ಚೆಲ್ಲಿ ಬಟ್ಟೆಯಿಂದ ಉಜ್ಜಿದರೆ ಇಂಕು ಬಿಡುತ್ತದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ಎಣ್ಣೆ ತೆಗೆಯಿರಿ. ರೋಲರನ್ನು ಮೇಜಿನ ಮೇಲೆ ಮಲಗಿಸಿಟ್ಟರೆ ರಬ್ಬರ್ ಒಂದು ಬದಿ ಚಪ್ಪಟೆಯಾಗುತ್ತದೆ, ತೂಗುಹಾಕಿ. ಇನ್ನು ಎಣ್ಣೆ ಮತ್ತು ಇಂಕು ಹೀರಿದ ಚಿಂದಿ ಬಟ್ಟೆ: ಅಗಸೆ ಎಣ್ಣೆ ಇರುವ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಗಾಳಿಯೊಂದಿಗೆ ಸೇರಿ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಮುಳುಗಿಸಿಡಿ. ಈ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ.

ಹತ್ತು ಜನರ ಪೆಟ್ಟಿಗೆ

ವರ್ಷಕ್ಕೊಮ್ಮೆ ಎಲ್ಲರೂ ಒಂದೇ ಅಳತೆಯಲ್ಲಿ ಒಂದೊಂದು ಚಿತ್ರ ಮಾಡಿ ಅದಲುಬದಲು ಮಾಡಿಕೊಳ್ಳಿ. ಹತ್ತು ಜನರಿದ್ದರೆ ಪ್ರತಿಯೊಬ್ಬರ ಎಡಿಷನ್ (ಒಂದೇ ಹಲಗೆಯಿಂದ ಎಣಿಸಿ ತೆಗೆದ ಪ್ರತಿಗಳು) 12: ಹತ್ತು ಜನರಿಗೆ ಹತ್ತು, ಕೂಟದ ಸಂಗ್ರಹಕ್ಕೆ ಒಂದು, ಪ್ರದರ್ಶನಕ್ಕೆ ಒಂದು. ಹಾಳಾಗುವುದಕ್ಕೆಂದು 15 ಅಚ್ಚು ಹಾಕಿ, ಕಣ್ಣಿಗೆ ಒಂದೇ ಥರ ಕಾಣುವ 12ನ್ನು ಆರಿಸಿ. ಪ್ರತಿಯೊಬ್ಬರೂ ಹತ್ತು ಕಲಾವಿದರ ಹತ್ತು ಮೂಲ ಚಿತ್ರಗಳ ಪೆಟ್ಟಿಗೆಯೊಂದಿಗೆ ಮನೆಗೆ ಹೋಗುತ್ತಾರೆ. ಊರಿನ ಕಲಾವಿದರ ಮನೆಗಳಲ್ಲಿ ಪರಸ್ಪರರ ಚಿತ್ರ ತೂಗಲು ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಪೆಟ್ಟಿಗೆಯನ್ನು ಊರಿನ ಬೈಂಡಿಂಗ್‌ನವರಿಂದಲೇ ಮಾಡಿಸಿ.

ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ 3/12 ಎಂಬಂತೆ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ ಮತ್ತು ಇಸವಿ. ಈ ಎಣಿಕೆಯ ಹೊರಗೆ ತಮಗೆಂದು ಇಟ್ಟುಕೊಳ್ಳುವ ಕಲಾವಿದರ ಪ್ರತಿಗಳು ಎಡಿಷನ್ನಿನ ಹತ್ತನೇ ಒಂದು ಭಾಗ ಮೀರಬಾರದು. 12 ಎಂದು ಬರೆದ ಮೇಲೆ ಹದಿಮೂರನೆಯದು ಇಲ್ಲ. ಮುಗಿದ ಕೂಡಲೇ ಹಲಗೆಯ ಮೇಲೆ ಅಡ್ಡಗೆರೆ ಕೆತ್ತಿ, ಅದರ ಒಂದು ಅಚ್ಚನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿ. ಒಬ್ಬರು ಈ ಲೆಕ್ಕ ತಪ್ಪಿದರೂ ಕೊಳ್ಳುವವರು ಕೂಟದ ಎಲ್ಲರನ್ನೂ ಅನುಮಾನಿಸುತ್ತಾರೆ. ಸಹಿ ಹಾಕಲು ನಾಚುವ ಹೊಸಬರಿಗೆ ಬೇಲೂರಿನ ಮದನಿಕೆಯರ ಕೆಳಗೆ ಶಿಲ್ಪಿಗಳಾದ ದಾಸೋಜ, ಚಾವಣರ ಹೆಸರಿರುವುದನ್ನು ತೋರಿಸಿಕೊಂಡು ಬನ್ನಿ. ಆದರೆ ವಿಷಯವೂ ಹೊಯ್ಸಳ ಶಿಲ್ಪವೇ ಆಗಬೇಕಿಲ್ಲ. ಸಂತೆ, ಆಲೂಗಡ್ಡೆ ಮೂಟೆ, ಹೇಮಾವತಿ ನಾಲೆ, ಕಾಫಿ ಕಣ ಇವನ್ನೆಲ್ಲ ಕೆತ್ತುವವರಿಗಾಗಿ ಹಲಗೆ ಕಾದಿದೆ.

ತಗಡು ಮತ್ತು ಮೈಲುತುತ್ತ

ಕೂಟ ಒಂದು ವರ್ಷ ನಿಂತ ಮೇಲೆ ಲೋಹದ ತಗಡನ್ನು ದ್ರಾವಣದಿಂದ ಕೊರೆಸುವ ಎಚ್ಚಿಂಗ್‌ಗೆ ಕೈಹಾಕಿ. ನೈಟ್ರಿಕ್ ಆ್ಯಸಿಡ್ ಬೇಡವೇ ಬೇಡ. ಕಾಫಿ, ಅಡಿಕೆ ತೋಟಗಳಿಗೆ ಬೋರ್ಡೊ ದ್ರಾವಣ ಮಾಡಲು ತರುವ ಮೈಲುತುತ್ತವೇ (ಕಾಪರ್ ಸಲ್ಫೇಟ್) ಅಲ್ಯುಮಿನಿಯಂ ಮತ್ತು ಸತುವಿನ ತಗಡನ್ನು ಕೊರೆಯುತ್ತದೆ. ಸುಣ್ಣ ಬೆರೆಸಿದ ಸಿದ್ಧ ಪುಡಿ ಬೇಡ, ಬರೀ ಹರಳು ತನ್ನಿ. ಒಂದು ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, 75 ಗ್ರಾಂ ಉಪ್ಪು. ಪ್ಲಾಸ್ಟಿಕ್ ಟ್ರೇ ಮಾತ್ರ. ಲೋಹದ ಪಾತ್ರೆಯನ್ನೇ ಅದು ತಿಂದುಹಾಕುತ್ತದೆ. ತಗಡಿಗೆ ತಡೆಯಾಗಿ ಹಾರ್ಡ್‌ವೇರ್ ಅಂಗಡಿಯ ಬ್ಲ್ಯಾಕ್ ಜಪಾನ್ ಎಂಬ ಕಪ್ಪು ವಾರ್ನಿಷ್ ತೆಳುವಾಗಿ ಬಳಿದು, ಒಣಗಿದ ಮೇಲೆ ಸೂಜಿಯಿಂದ ಗೀರಿ. ಹಿಂಬದಿಯನ್ನು ಪ್ಯಾಕಿಂಗ್ ಟೇಪಿನಿಂದ ಮುಚ್ಚಿ.

ಗೆರೆಗಳಲ್ಲಿ ಕೆಂಪು ತಾಮ್ರದ ಗಸಿ ಕೂಡುತ್ತದೆ. ಅದನ್ನು ಮೆದುವಾದ ಬ್ರಷ್ ಅಥವಾ ಕೋಳಿಗರಿಯಿಂದ ಸರಿಸುತ್ತಲೇ ಇರಬೇಕು, ಬಿಟ್ಟರೆ ಗೆರೆ ಏರುಪೇರಾಗಿ ಕೊರೆಯುತ್ತದೆ. ಅಲ್ಯುಮಿನಿಯಂ ಹಾಕಿದಾಗ ದ್ರಾವಣ ಬೇಗ ಬಿಸಿಯಾಗುತ್ತದೆ, ಹೈಡ್ರೋಜನ್ ಗುಳ್ಳೆ ಏಳುತ್ತದೆ: ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ, ಸಣ್ಣ ತಗಡಿಗೂ ಧಾರಾಳ ದ್ರಾವಣವಿರಲಿ. ಎಷ್ಟು ನಿಮಿಷ ಎಂಬುದು ಆ ದಿನದ ಬಿಸಿಯ ಮೇಲೆ ಹೋಗುತ್ತದೆ, ಹಾಗಾಗಿ ಪ್ರತಿ ಸಲ ಒಂದು ಚೂರು ತಗಡಿನಲ್ಲಿ 5, 10, 20 ನಿಮಿಷದ ಪಟ್ಟಿ ಮಾಡಿ ನೋಡಿ. ಕನ್ನಡಕ, ಕೈಗವಸು ತಪ್ಪಬಾರದು. ನೀಲಿ ಬಣ್ಣ ಮಾಸಿದರೆ ದ್ರಾವಣ ತೀರಿತು. ಅದನ್ನು ಚರಂಡಿಗೆ ಸುರಿಯಬೇಡಿ; ತಾಮ್ರ ಮೀನಿಗೆ ವಿಷ, ನಮ್ಮ ಚರಂಡಿ ಸೇರುವುದು ಕೆರೆಯನ್ನೇ. ನೊರೆ ನಿಲ್ಲುವ ತನಕ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ. ಉಳಿದ ಗಸಿಯನ್ನು ಒಣಗಿಸಿ ಹೆಸರು ಬರೆದ ಡಬ್ಬಿಯಲ್ಲಿಟ್ಟು, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಬೇಕು.

ಇಷ್ಟೂ ರಗಳೆ ಬೇಡವೆನ್ನುವವರಿಗೆ ಡ್ರೈಪಾಯಿಂಟ್ ಇದೆ. ಆಫ್‌ಸೆಟ್ ಪ್ರೆಸ್ಸಿನವರು ರದ್ದಿಗೆ ಹಾಕುವ ಬಳಸಿದ ಅಲ್ಯುಮಿನಿಯಂ ಪ್ಲೇಟಿನ ಹಿಂಬದಿಗೆ ಸೂಜಿಯಿಂದ ನೇರವಾಗಿ ಗೀರಿದರಾಯಿತು. ಗೆರೆಯ ಅಂಚಿನ ಮೆತ್ತನೆಯ ಕಪ್ಪು ಹತ್ತು ಹದಿನೈದು ಪ್ರತಿಗೆ ಸವೆಯುತ್ತದೆ. ಕಲ್ಲಚ್ಚಿನ ಆಸೆ ಮಾತ್ರ ಸದ್ಯಕ್ಕೆ ಬದಿಗಿಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ ನಿಜ, ಆದರೆ ಅದಕ್ಕೆ ಬೇಕಾದ ಸುಣ್ಣಕಲ್ಲೂ ಬೇರೆ, ಪ್ರೆಸ್ಸೂ ಬೇರೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುದ್ರಣ ಕಡಿಮೆ ಮಾಡಿ, ಕೆತ್ತನೆ ಹೆಚ್ಚಿಸಿ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೆ ಒಣಗುವ ಎಣ್ಣೆ ಇಂಕು ಈಗ ವಾರ ಮೀರುತ್ತದೆ. ತಗಡಿನ ಕೆಲಸಕ್ಕೆ ನೆನೆಸಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಕಾಗದವನ್ನು ಎರಡು ದಿನದೊಳಗೆ ಬಳಸಿಬಿಡಿ, ಮೂರನೆಯ ದಿನ ಬೂಷ್ಟು. ಕಾಗದದ ಕಟ್ಟು ಗೋಡೆಗೂ ನೆಲಕ್ಕೂ ತಾಗದಂತೆ ಕಬ್ಬಿಣದ ಬೀರುವಿನಲ್ಲಿರಲಿ. ಪ್ರೆಸ್ಸಿನ ಬಣ್ಣವಿಲ್ಲದ ಲೋಹಕ್ಕೆ ವಾರಕ್ಕೊಮ್ಮೆ ಮಷೀನ್ ಎಣ್ಣೆ ಒರೆಸಿ. ಆದರೆ ಮುದ್ರಣಕ್ಕೆ ಮೊದಲು ಹಾಸನ್ನು ಒಣಬಟ್ಟೆಯಿಂದ ಪೂರ್ತಿ ಒರೆಸದಿದ್ದರೆ ಕಾಗದದ ಹಿಂಬದಿಗೆ ಎಣ್ಣೆ ಕಲೆ ಬರುತ್ತದೆ.

ದುಡ್ಡು, ಬೀಗದಕೈ

ಲೆಕ್ಕ ಹೀಗಿಟ್ಟುಕೊಳ್ಳಿ. ಬಾಡಿಗೆ 6,000, ಕರೆಂಟು ನೀರು 800, ಇಂಕು ಸೋಪು ಬಟ್ಟೆ 2,200, ಫೆಲ್ಟ್ ಮತ್ತು ರಿಪೇರಿಗೆ ಎತ್ತಿಡುವುದು 1,500 ಎಂದರೆ ತಿಂಗಳಿಗೆ 10,500 ರೂಪಾಯಿ. ಕೂಟ ಬೆಳೆದು 14 ಸದಸ್ಯರಾಗಿ ತಲಾ 500 ಕೊಟ್ಟರೆ 7,000. ಹೊರಗಿನಿಂದ ಬಂದು ದಿನಕ್ಕೆ 200 ಕೊಟ್ಟು ಕೆಲಸ ಮಾಡುವವರು ಹತ್ತು ಜನ ಸಿಕ್ಕರೆ 2,000. ಉಳಿದ 1,500 ಒಂದು ಭಾನುವಾರದ ತರಗತಿಯಿಂದ ಬರಬೇಕು. ನಿಮ್ಮ ಬಾಡಿಗೆ ಬೇರೆಯಿರಬಹುದು, ಆದರೆ ಫೆಲ್ಟಿನ ಹಣವನ್ನು ಮಾತ್ರ ಬೇರೆ ಖಾತೆಯಲ್ಲೇ ಇಡಿ. ಅದು ಹಳತಾದ ದಿನ ಯಾರ ಜೇಬಿನಲ್ಲೂ ಹಣವಿರುವುದಿಲ್ಲ. ಅಕಾಡೆಮಿ, ಇಲಾಖೆಗಳ ಅನುದಾನ ಬಂದರೆ ಪ್ರೆಸ್ಸಿಗೆ, ಕಾಗದಕ್ಕೆ ಬಳಸಿ, ಬಾಡಿಗೆಗೆ ಬೇಡ. ಅನುದಾನದ ಮೇಲೆ ಬಾಡಿಗೆ ಕಟ್ಟುವ ಕೂಟ ಅನುದಾನ ನಿಂತ ತಿಂಗಳೇ ಮುಚ್ಚುತ್ತದೆ.

ಬೀಗದಕೈ ಕಡೇಪಕ್ಷ ಮೂವರ ಬಳಿ ಇರಲಿ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಪ್ರೆಸ್ ಹೊಂದಿಸಲು, ದ್ರಾವಣ ಬೆರೆಸಲು, ಲೆಕ್ಕ ಬರೆಯಲು ತಲಾ ಇಬ್ಬರಿಗೆ ಬರಬೇಕು. ಗುಟ್ಟು ಬಚ್ಚಿಡುವವರಿಗೆ ಇಲ್ಲಿ ಜಾಗವಿಲ್ಲ: ಯಾವುದೇ ಹೊಸ ಬಣ್ಣದ ಬೆರಕೆ, ಹೊಸ ಕಾಗದ, ಹೊಸ ತಪ್ಪು ಅದೇ ದಿನ ದಾಖಲೆ ಪುಸ್ತಕಕ್ಕೆ ಹೋಗಬೇಕು. ಬೇರೆಯವರ ಚಿತ್ರವನ್ನು ನಕಲು ಮಾಡುವುದು ಬೇರೆ ಮಾತು. ವಿಧಾನ ಎಲ್ಲರದು, ಚಿತ್ರ ಕೆತ್ತಿದವರದು.

ಊರಿಗೆ ಬಾಗಿಲು ತೆರೆಯುವ ದಿನಗಳನ್ನು ಮೊದಲೇ ಗೊತ್ತುಮಾಡಿ. ದೀಪಾವಳಿಯ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಊರು ತುಂಬುತ್ತದೆ. ಆ ವಾರದ ಒಂದು ಸಂಜೆ ಸಾಕು. ಅಂಗೈಯಗಲದ ಎಂಟು ಹತ್ತು ಹಲಗೆ ಕೆತ್ತಿಟ್ಟು, ಬಂದವರೇ ಪ್ರೆಸ್ ತಿರುಗಿಸಿ ಒಂದು ಅಚ್ಚು ತೆಗೆದುಕೊಂಡು ಹೋಗಲಿ. ಮಾರಾಟದಲ್ಲಿ ಐದನೇ ಒಂದು ಭಾಗ ಕೂಟಕ್ಕೆ, ಉಳಿದದ್ದು ಕಲಾವಿದರಿಗೆ ಎಂಬುದು ನ್ಯಾಯವಾದ ಪಾಲು. ದಸರಾ ರಜೆಯಲ್ಲಿ ಮಕ್ಕಳ ಶಿಬಿರವಿದ್ದರೆ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳನ್ನು ಒಟ್ಟಿಗೆ ಸೇರಿಸಬೇಡಿ. ಹತ್ತು ವರ್ಷದೊಳಗಿನವರಿಗೆ ಉಳಿ ಕೊಡದೆ, ಥರ್ಮೊಕೋಲ್ ತಟ್ಟೆಯ ಮೇಲೆ ಪೆನ್ಸಿಲ್‌ನಿಂದ ಒತ್ತಿ ಬರೆಸಿ, ನೀರಿನ ಇಂಕಿನಲ್ಲಿ ಅಚ್ಚು ಹಾಕಿಸಿ. ದೊಡ್ಡ ಮಕ್ಕಳಿಗೆ ಉಳಿ ಕೊಡುವಾಗ ನಾಲ್ವರಿಗೆ ಒಬ್ಬ ಸದಸ್ಯರು ಪಕ್ಕದಲ್ಲೇ ಕೂರಬೇಕು, ಎರಡೂ ಕೈ ಉಳಿಯ ಹಿಂದೆಯೇ ಇವೆಯೇ ಎಂದು ನೋಡುತ್ತಿರಬೇಕು.